ಗೋಡೆ ತೆಗೆದು ನೆರಳು ಉಳಿಸುವುದು

ಮೊನ್ನೆ ಇಲ್ಲಿ, ಈ ಮರಾಠಿ ಸೀಮೆಯ ಸಾತಪುರದಲ್ಲಿ, ನಮ್ಮ ಕಲಬುರಗಿ ಕಡೆಯವರೊಬ್ಬರ ಹೊಸ ಮನೆಯ ವಾಸ್ತುಶಾಂತಿ ಇತ್ತು. ಊಟಕ್ಕೆ ಕೂತಾಗ ಎಲ್ಲರ ಕಣ್ಣು ಹೋಳಿಗೆಯ ಮೇಲಿದ್ದರೆ ನನ್ನ ಕಣ್ಣು ನೀರಿನ ಲೋಟದ ಬುಡದಲ್ಲಿತ್ತು. ಒಂದು ಬದಿಗೆ ಕಿಟಕಿ, ಇನ್ನೊಂದು ಬದಿಗೆ ಟ್ಯೂಬ್‌ಲೈಟು. ಪಾಪ, ಒಂದೇ ಲೋಟಕ್ಕೆ ಎರಡು ನೆರಳು. ಒಂದು ತುಸು ನೀಲಿ, ಒಂದು ತುಸು ಹಳದಿ. ಎರಡೂ ಕೂಡುವಲ್ಲಿ ಬಣ್ಣ ಏನಾಗುತ್ತದೆಂದು ನೋಡಲು ನಾನು ಎಲೆಯ ಮೇಲೆ ಬಗ್ಗಿದ್ದೇ ತಡ, ಬಡಿಸುತ್ತಿದ್ದ ಹೆಣ್ಣುಮಗಳು ಗಾಬರಿಯಾಗಿ, "ಯಾಕ್ರೀ ಅಕ್ಕಾ, ನೀರಾಗ ಏನರ ಬಿದ್ದದೇನ್ರೀ?" ಎಂದಳು. ಪಕ್ಕದಲ್ಲಿದ್ದ ನಮ್ಮ ಯಜಮಾನರು ತಲೆಯನ್ನೂ ಎತ್ತದೆ, "ಏನೂ ಬಿದ್ದಿಲ್ಲ ತಂಗಿ, ನೆಳ್ಳು ಬಿದ್ದದ. ಆಕೀದು ಹಂಗೇ. ನೀ ಇತ್ತಾಗ ಹೋಳಿಗಿ ಹಾಕು," ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮಜ್ಜಿಗೆ ಬರುವವರೆಗೂ ಆ ಲೋಟವನ್ನು ಸರಿಸಲು ಯಾರಿಗೂ ಬಿಡಲಿಲ್ಲ.

ನಗುವವರು ನಗಲಿ. ನಾನು ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಸಾಮಾನುಗಳ ಫೋಟೋ ಬಿಡಿಸಿಕೊಡುವವಳು. ಫೋನಿನಲ್ಲಿ ಕುಕ್ಕರ್ ಕೊಳ್ಳುವಾಗ ಅಚ್ಚ ಬಿಳಿ ಬಯಲಿನಲ್ಲಿ ಒಂದು ಕುಕ್ಕರ್ ಗತ್ತಿನಿಂದ ಕೂತಿರುತ್ತದಲ್ಲ, ಅದು ಅಲ್ಲಿಗೆ ಹಾಗೆ ಬಂದು ಕೂತಿರುವುದಿಲ್ಲ. ನನ್ನ ಹತ್ತಿರ ಬರುವಾಗ ಅದರ ಹಿಂದೆ ಅಂಗಡಿಯ ಗೋಡೆ, ಗೋಡೆಯ ಮೇಲೆ ಹೋದ ವರ್ಷದ ಕ್ಯಾಲೆಂಡರು, ಪಕ್ಕದಲ್ಲಿ ಚಹಾದ ಗ್ಲಾಸು, ಮೂಲೆಯಲ್ಲಿ ಮಾಲೀಕರ ಮೊಣಕೈ ಎಲ್ಲ ಇರುತ್ತವೆ. ಕುಕ್ಕರಿನ ಅಂಚಿನುದ್ದಕ್ಕೂ ಮೌಸ್ ಹಿಡಿದು ಇರುವೆಯ ಹಾಗೆ ನಡೆದು, ಗೋಡೆ, ಕ್ಯಾಲೆಂಡರು, ಮೊಣಕೈ ಎಲ್ಲವನ್ನೂ ತೆಗೆದುಬಿಡುತ್ತೇನೆ. ತೆಗೆಯುವುದು ದೊಡ್ಡ ಮಾತಲ್ಲ. ನೆರಳನ್ನು ಮಾತ್ರ ಉಳಿಸಬೇಕು, ಅದೇ ಕಷ್ಟ.

ಈ ಕೆಲಸಕ್ಕೆ ಕೂತ ಹೊಸದರಲ್ಲಿ ನನಗೂ ಇದು ಗೊತ್ತಿರಲಿಲ್ಲ. ನಿಫಾಡಿನ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಒಂದು ಬಟ್ಟಲು ದ್ರಾಕ್ಷಿಯ ಫೋಟೋ ಕಳಿಸಿದ್ದರು. ನಾನು ಉತ್ಸಾಹದಿಂದ ಹಿಂದಿನದನ್ನೆಲ್ಲ ಕಿತ್ತೆಸೆದು, ಬಟ್ಟಲೊಂದನ್ನೇ ಬೆಳ್ಳಗೆ ಬೆಳಗಿ ಕಳಿಸಿದೆ. ಕಳಿಸಿದ ಚಣಕ್ಕೆ ಫೋನು ಬಂತು. "ವಹಿನೀ, ಹೇ ತರ ಹವೇತ್ ತರಂಗತಂಯ್!" ಅಂದರು. ಗಾಳಿಯಲ್ಲಿ ತೇಲುತ್ತಿದೆಯಂತೆ. ಬಂದದ್ದು ಸಿಟ್ಟೇ, ಆದರೆ ಫೋನಿಟ್ಟು ನೋಡಿದರೆ ಅವರು ಹೇಳಿದ್ದು ಖರೆ. ಬಟ್ಟಲು ಎಲ್ಲಿಯೂ ಕೂತಿರಲಿಲ್ಲ. ಯಾರೋ ಎಸೆದದ್ದು ಇನ್ನೂ ನೆಲಕ್ಕೆ ಬೀಳಬೇಕಾಗಿದೆ ಎನ್ನುವ ಹಾಗಿತ್ತು. ಸರಿ, ನೆರಳು ತಾನೇ ಎಂದು ಬಟ್ಟಲಿನ ಕೆಳಗೆ ಒಂದಿಷ್ಟು ಕಪ್ಪು ಬಳಿದೆ. ಈಗ ಬಟ್ಟಲು ಡಾಂಬರಿನಲ್ಲಿ ಸಿಕ್ಕಿಕೊಂಡ ಹಾಗೆ ಕಂಡಿತು. ಮಗಳು ಸ್ನೇಹಾ ಕಾಲೇಜಿನಿಂದ ಬಂದವಳು ಪರದೆಗೆ ಕಣ್ಣು ಹಾಯಿಸಿ, "ಆಯೀ, ಕಾಯ್ ಕೇಲಂಸ್ ಹೇ?" ಎಂದಳು, ಏನು ಮಾಡಿಟ್ಟಿದ್ದೀ ಇದು ಎಂದು ಹಣೆ ಚಚ್ಚಿಕೊಂಡು. ನಾನು ಕನ್ನಡದಲ್ಲಿ ಬಯ್ದರೆ ಅವಳಿಗೆ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಮರಾಠಿಯಲ್ಲೇ ಬರುತ್ತದೆ. ನಮ್ಮ ಮನೆಯ ಜಗಳ ಕೇಳಿದವರಿಗೆ ಎರಡು ಬೇರೆ ಬೇರೆ ಮನೆಗಳ ಜಗಳ ಅನ್ನಿಸೀತು.

ನೆರಳು ಕಪ್ಪಲ್ಲ ಎನ್ನುವುದು ನನಗೆ ಆಮೇಲೆ ತಿಳಿಯಿತು. ಹಸಿರು ದ್ರಾಕ್ಷಿಯ ನೆರಳಿನೊಳಗೆ ಚೂರು ಹಸಿರು ಇರುತ್ತದೆ. ಗಾಜಿನ ಬಾಟಲಿಯ ನೆರಳಿನ ನಟ್ಟನಡುವೆ ಬೆಳಕಿನದೊಂದು ಗೆರೆ ಕೂತಿರುತ್ತದೆ. ವಸ್ತು ನೆಲಕ್ಕೆ ತಾಗಿದಲ್ಲಿ ನೆರಳು ಗಟ್ಟಿ, ದೂರ ಹೋದಂತೆಲ್ಲ ತೆಳುವಾಗಿ, ಎಲ್ಲಿ ಮುಗಿಯಿತೆಂದು ಹೇಳಲು ಬರುವುದಿಲ್ಲ. ಅದನ್ನು ವಸ್ತುವಿನಿಂದ ಬೇರೆ ಮಾಡಿ, ಬೇರೆಯದೇ ಒಂದು ಪದರದಲ್ಲಿ ಇಡಬೇಕು. ಅದರೊಳಗಿಂದ ಕೆಳಗಿನದು ಕಾಣಬೇಕು. ಹಾಗಿಟ್ಟರೆ ಬಟ್ಟಲನ್ನು ಬಿಳಿ ಹಾಳೆಯ ಮೇಲಿಡಿ, ಕಟ್ಟಿಗೆಯ ಮೇಜಿನ ಮೇಲಿಡಿ, ನೆರಳು ಅಲ್ಲಿಯದೇ ಎನ್ನುವ ಹಾಗೆ ಹೊಂದಿಕೊಳ್ಳುತ್ತದೆ. ಈಗೀಗ ಇದನ್ನೆಲ್ಲ ಕಣ್ಣು ಮುಚ್ಚಿ ತೆಗೆಯುವುದರೊಳಗೆ ಮಾಡುವ ಆಪ್‌ಗಳು ಬಂದಿವೆ. ಬರಲಿ, ನನಗೇನೂ ಹೊಟ್ಟೆಕಿಚ್ಚಿಲ್ಲ. ಆದರೆ ನಾನೊಮ್ಮೆ ಕೊತ್ತಂಬರಿ ಕಟ್ಟನ್ನು ಕೊಟ್ಟು ನೋಡಿದೆ. ಎಲೆಯೆಲ್ಲ ನುಂಗಿ, ದಾರ ಸುತ್ತಿದ ದಂಟು ಮಾತ್ರ ಕೈಗಿತ್ತಿತು. ಆ ದಿನ ನಾನು ಖುಷಿಗೆ ಉಪ್ಪಿಟ್ಟಿನ ಬದಲು ಶಿರಾ ಮಾಡಿದೆ.

ಈ ಗೋಡೆ ತೆಗೆಯುವ ಮಾತು ಬಂದಾಗಲೆಲ್ಲ ನನಗೆ ಭಾಲ್ಕಿಯ ಸ್ಟುಡಿಯೋ ನೆನಪಾಗುತ್ತದೆ. ನಮ್ಮೂರು ಅಲ್ಲಿಂದ ಹತ್ತಿರ. ಆಗ ಜನ ಫೋಟೋಕ್ಕೆ ಹೋಗುತ್ತಿದ್ದುದೇ ಹಿಂದಿನ ಪರದೆಗಾಗಿ. ಅವ್ವ, ಅವ್ವನ ತಂಗಿ ಚಿಗವ್ವ, ನಡುವೆ ಎರಡು ಜಡೆಯ ನಾನು, ಮೂವರೂ ಬಸ್ಸು ಹತ್ತಿ ಹೋದೆವು. ಸ್ಟುಡಿಯೋದವನು ಪರದೆಗಳನ್ನು ಒಂದೊಂದಾಗಿ ಬಿಚ್ಚಿ ತೋರಿಸಿದ. ಅವ್ವನಿಗೆ ಮಹಲಿನ ಮೆಟ್ಟಿಲು ಬೇಕು, ಚಿಗವ್ವನಿಗೆ ಹಂಸ ತೇಲುವ ಕೆರೆ ಬೇಕು. ಚಿಗವ್ವ ಆಗ ಮದುವೆಗೆ ಬಂದ ಹುಡುಗಿ, ಅವಳ ಮಾತೇ ನಡೆಯಿತು. ದೊಡ್ಡ ದೀಪ ಹಚ್ಚಿದ ಕೂಡಲೇ ನಮ್ಮ ಮೂವರ ನೆರಳು ಹಿಂದಿನ ಕೆರೆಯ ಮೇಲೆ ಬಿದ್ದು ನೆಟ್ಟಗೆ ನಿಂತಿತು. ಚಿಗವ್ವ ತಿರುಗಿ ನೋಡಿದವಳೇ, "ಏ ಅಣ್ಣಾ, ನೀರಾಗ ನೆಳ್ಳು ಹಿಂಗ ಗ್ವಾಡಿ ಹಂಗ ನಿಂದ್ರತದೇನು? ದೀಪ ಸರಸು," ಎಂದು ಗದರಿದಳು. ಅವನು ಸರಿಸಲಿಲ್ಲ. ಫೋಟೋ ಬಂದಾಗ ಹಂಸದ ಕುತ್ತಿಗೆಯ ಮೇಲೆ ಸರಿಯಾಗಿ ನನ್ನ ಜಡೆಯ ನೆರಳು ಬಿದ್ದು, ಹಂಸಕ್ಕೆ ರಿಬ್ಬನ್ ಕಟ್ಟಿದ ಹಾಗಿತ್ತು. ಅವ್ವ ಅದನ್ನು ನೋಡಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದಳು.

ಅವ್ವನಿಗೆ ಗಡಿಯಾರದ ಮೇಲೆ ನಂಬಿಕೆ ಇರಲಿಲ್ಲ. ಬಾಗಿಲ ಚೌಕಟ್ಟಿನ ನೆರಳು ಅಂಗಳದ ಒರಳಿಗೆ ಬಂದರೆ ರೊಟ್ಟಿಗೆ ಹಿಟ್ಟು ಕಲೆಸಬೇಕು, ಒರಳು ದಾಟಿದರೆ ಅಪ್ಪನಿಗೆ ಹೊಲಕ್ಕೆ ಬುತ್ತಿ ಹೋಗಬೇಕು. ಹಸಿವು ತಡೆಯದ ಒಂದು ದಿನ ನಾನು ಮೊರವೊಂದನ್ನು ತಂದು ಚೌಕಟ್ಟಿಗೆ ಆನಿಸಿ, ಅದರ ನೆರಳು ಒರಳಿನ ಮೇಲೆ ಬೀಳುವ ಹಾಗೆ ನಿಲ್ಲಿಸಿ, "ಅವ್ವಾ, ನೆಳ್ಳು ಬಂತು!" ಎಂದು ಕೂಗಿದೆ. ಅವ್ವ ಹೊರಗೆ ಬಂದು ಒರಳು ನೋಡಿದಳು, ಮೊರ ನೋಡಿದಳು, ನನ್ನನ್ನು ನೋಡಿದಳು. ಬಯ್ಯಲಿಲ್ಲ. "ಬಂತಲ್ಲ, ಬಾ ಮತ್ತ," ಎಂದು ಒಳಗೆ ಹೋಗಿ ಹಿಟ್ಟಿಗೆ ನೀರು ಹಾಕಿದಳು. ಅವಳು ಉಟ್ಟಿದ್ದ ಇಳಕಲ್ ಸೀರೆಯ ಕೆಂಪು ಸೆರಗಿಗೆ ಒಲೆಯ ಕಿಡಿ ಸಿಡಿದು ತೂತಾದದ್ದೂ ಅದೇ ದಿನಗಳಲ್ಲಿ. ಮನೆಯಲ್ಲಿ ಕೆಂಪು ದಾರ ತೀರಿತ್ತು ಅಂತ ಹಸಿರು ದಾರದಲ್ಲೇ ಅದನ್ನು ಹೊಲಿದುಕೊಂಡಿದ್ದಳು. "ಕಾಣ್ತದಲ್ಲವ್ವ," ಎಂದರೆ, "ಕಂಡ್ರ ಕಾಣ್ಲಿ, ಸೀರಿ ನಂದು," ಎನ್ನುತ್ತಿದ್ದಳು.

ಅವ್ವ ಈಗಿಲ್ಲ. ಅವಳು ತೀರಿಕೊಂಡ ಮೇಲೆ ಸೀರೆಗಳನ್ನು ಹಂಚುವಾಗ ಹಿರಿಯರು ನನಗೆ ರೇಷ್ಮೆ ಸೀರೆ ಕೊಟ್ಟರು. ದಿನಾ ಉಟ್ಟ ಹಳೆಯವು ಚಿಗವ್ವನ ಪಾಲಿಗೆ ಹೋದವು. ಎಲ್ಲರೂ ನನ್ನದೇ ಅದೃಷ್ಟ ಎಂದರು. ಆ ರೇಷ್ಮೆಯನ್ನು ಅವ್ವ ಉಟ್ಟದ್ದನ್ನು ನಾನು ಕಂಡದ್ದೇ ಕಡಿಮೆ. ಅದರಲ್ಲಿ ಡಾಂಬರ್ ಗುಳಿಗೆಯ ವಾಸನೆ ಬಿಟ್ಟು ಮತ್ತೇನೂ ಇಲ್ಲ. ಹೊಗೆ, ಜೋಳದ ಹಿಟ್ಟು, ಬಿಸಿಲು ಎಲ್ಲ ಚಿಗವ್ವನ ಗಂಟಿನಲ್ಲಿ ಕಟ್ಟಿಕೊಂಡು ಔರಂಗಾಬಾದಿಗೆ ಹೋಯಿತು. ಬಸ್ಸಿನ ಬೋರ್ಡಿನ ಮೇಲೆ ಈಗ ಛತ್ರಪತಿ ಸಂಭಾಜಿನಗರ ಅಂತ ಇರುತ್ತದೆ. ಚಿಗವ್ವನ ಬಾಯಲ್ಲಿ ಎರಡೂ ಬರುತ್ತವೆ, ಯಾವಾಗ ಯಾವುದು ಎಂದು ಅವಳಿಗೂ ಗೊತ್ತಿಲ್ಲ.

ಅವಳ ಗಂಡ ವಾಳೂಜಿನ ಕಾರ್ಖಾನೆಗೆ ಸೇರಿದಾಗಿನಿಂದ ಚಿಗವ್ವ ಅಲ್ಲಿಯೇ. ಅವಳ ಓಣಿಯಲ್ಲಿ ನಮ್ಮ ಕಡೆಯ ಕೆಲವು ಹೆಣ್ಣುಮಕ್ಕಳಿದ್ದಾರೆ. ಹರೆಯವೆಲ್ಲ ಕಟ್ಟಡಗಳಲ್ಲಿ ಸಿಮೆಂಟಿನ ಬುಟ್ಟಿ ಹೊತ್ತು ಈಗ ಮೊಣಕಾಲು ಹೋದವರು. ಚಿಗವ್ವ ಅವರನ್ನೆಲ್ಲ ತನ್ನ ಮಾಳಿಗೆಯ ಮೇಲೆ ಸೇರಿಸಿ ಕವದಿ ಹೊಲಿಸಲು ಶುರುಮಾಡಿದಳು. ಹಳೆಯ ಸೀರೆ, ಧೋತರ ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಇಟ್ಟು, ಅಂಚಿನಿಂದ ಒಳಗೆ ಒಳಗೆ ಸುತ್ತುತ್ತ ದಾರ ಎಳೆಯುವ ನಮ್ಮ ಕವದಿ. ಕೊನೆಯ ಮೂಲೆ ಮುಚ್ಚುವ ಮುಂಚೆ ಅದರೊಳಗೆ ನಾಲ್ಕು ಕಾಳು ಜೋಳ ಹಾಕುವುದು ನಮ್ಮ ಮನೆಯ ಪದ್ಧತಿ. ಕವದಿ ಹಸಿದಿದ್ದರೆ ಹೊತ್ತುಕೊಂಡವರಿಗೆ ನಿದ್ದೆ ಹತ್ತುವುದಿಲ್ಲವಂತೆ. ಚಿಗವ್ವ ಕವದಿಗಳನ್ನು ಹೆಗಲ ಮೇಲೆ ಹೊತ್ತು ಅಂಗಡಿ ಅಂಗಡಿ ತಿರುಗಿದಳು. ಎಲ್ಲರೂ ಮುಟ್ಟಿ ನೋಡಿ, ಹಳೇ ಬಟ್ಟೆ ಮೌಶಿ, ಯಾರು ತಗೋತಾರೆ ಎಂದು ಕಳಿಸಿದರು. ಆ ಹೆಣ್ಣುಮಕ್ಕಳಿಗೆ ಬೇರೆ ಕೆಲಸ ಮಾಡುವ ಶಕ್ತಿ ಉಳಿದಿರಲಿಲ್ಲ, ಈ ಕೆಲಸವೂ ಹೋದರೆ ಅವರು ಮತ್ತೆ ಬುಟ್ಟಿ ಹೊರಬೇಕಾಗುತ್ತಿತ್ತು. ಆಗ ಯಾರೋ ಹೇಳಿದರಂತೆ, ಫೋನಿನಲ್ಲಿ ಹಾಕ್ರಿ, ಆದರೆ ಫೋಟೋ ಛಲೋ ಇರಬೇಕು ಅಂತ.

ಒಂದು ಮುಂಜಾನೆ ಚಿಗವ್ವನ ದನಿ ವಾಟ್ಸಾಪಿನಲ್ಲಿ ಬಂತು. ಅವಳಿಗೆ ಫೋನಿನಲ್ಲಿ ಮಾತಾಡುವುದೆಂದರೆ ಓಣಿಯ ಆ ತುದಿಗೆ ಕೂಗುವುದು. "ಗಿರಿಜೀ! ಕವದಿ ಫೋಟೋ ಕಳಸೀನಿ ನೋಡವಾ. ಹಿಂದಿಂದೆಲ್ಲಾ ತಗದು ಬೆಳ್ಳಗ ಮಾಡು. ನೆಳ್ಳು ತಗೀಬ್ಯಾಡ, ಹಪ್ಪಳ ಹಂಗ ಕಾಣಬಾರ್ದು. ನಿನಗ ನಾ ಏನ್ ಹೇಳ್ಲಿ, ನೀ ನೆಳ್ಳಿನಾಗೇ ಇರಾಕಿ. ನಮ್ಮ ಮಂದಿ ಎಲ್ಲಾರೂ ನಿನ್ನ ಮ್ಯಾಲೇ ಭರೋಸಾ ಇಟ್ಟು ಕುಂತಾರ, ತಿಳೀತಾ?" ಇಷ್ಟೇ. ಫೋಟೋದಲ್ಲಿ ಮಾಳಿಗೆಯ ಮೇಲಿನ ಹೊರಸು, ಅದರ ಮೇಲೆ ಬಿಳಿ ಚಾದರು, ಚಾದರಿನ ಮೇಲೆ ಮಡಚಿಟ್ಟ ಕವದಿ. ಹಿಂದೆ ನೀರಿನ ಟಾಕಿ, ಒಣಗಲು ಹಾಕಿದ ಮೆಣಸಿನಕಾಯಿ, ಹಗ್ಗದ ಮೇಲೆ ಯಾರದೋ ಲಂಗ. ನಾನು ಚಹಾ ಕುಡಿಯುತ್ತ ನಗುನಗುತ್ತಲೇ ಟಾಕಿ ತೆಗೆದೆ, ಲಂಗ ತೆಗೆದೆ. ಆಮೇಲೆ ಕವದಿಯ ಅಂಚು ಹಿಡಿಯಲು ಚಿತ್ರವನ್ನು ದೊಡ್ಡದು ಮಾಡಿದೆ. ಒಂದೊಂದು ಹೊಲಿಗೆಯೂ ಬೆರಳುದ್ದ ಕಾಣುವಷ್ಟು ದೊಡ್ಡದು ಮಾಡುವುದು ನಮ್ಮ ಕೆಲಸದ ರೂಢಿ.

ಕೆಂಪು ತುಂಡಿನ ನಡುವೆ ಹಸಿರು ದಾರ ಕಂಡಿತು.

ಅಡ್ಡಾದಿಡ್ಡಿ, ಅವಸರದ, ಒಂದು ಎಳೆ ಜಾಸ್ತಿ ಬಿಗಿದ ಅದೇ ಹೊಲಿಗೆ. ಪಕ್ಕದಲ್ಲಿ ಇಳಕಲ್ ಸೆರಗಿನ ತೋಪು ತೆನೆಯ ಬಿಳಿ ಗೆರೆಗಳು, ಅದರಾಚೆ ಅವ್ವನ ನೀಲಿ ಸೀರೆ, ಅದರಾಚೆ ಹಬ್ಬಕ್ಕೆ ಉಡುತ್ತಿದ್ದ ಕುಸುಬಿ ಬಣ್ಣದ್ದು. ಇಡೀ ಕವದಿಯೇ ಅವ್ವ. ಅಷ್ಟು ಹತ್ತಿರದಿಂದ ಆ ಸೆರಗನ್ನು ನಾನು ನೋಡಿದ್ದು ಮಗುವಾಗಿ ಅದರಲ್ಲಿ ಮುಖ ಒರೆಸಿಕೊಂಡಾಗಲೇ ಇರಬೇಕು. ಚಹಾ ಆರಿತು. ನನಗೆ ಆ ಕವದಿ ಬೇಕಾಗಿತ್ತು. ಬಹಳ ದೊಡ್ಡವರ ಹಾಗೆ ಯೋಚನೆಗೀಚನೆ ಏನಿಲ್ಲ, ಅಂಗಡಿಯಲ್ಲಿ ಬತ್ತಾಸು ಕಂಡ ಮಗುವಿಗೆ ಬೇಕಾಗುತ್ತದಲ್ಲ, ಹಾಗೆ ಬೇಕಾಗಿತ್ತು. ಆದರೆ ನನ್ನ ಹತ್ತಿರ ಬರುವ ಫೋಟೋ ಎಂದರೆ ಮಾರಾಟದ ಫೋಟೋ. ಬಿಳಿ ಬಯಲಿಗೆ ಬಂದ ಸಾಮಾನು ಯಾರದೋ ಮನೆಗೆ ಹೊರಟಿತೆಂದೇ ಲೆಕ್ಕ. ಚಿಗವ್ವ ನಮ್ಮವ್ವನನ್ನು ಮಾರಲು ಇಟ್ಟಿದ್ದಾಳೆ, ಅದೂ ನನ್ನ ಕೈಯಲ್ಲೇ ಸಿಂಗರಿಸಿ!

ಸಿಟ್ಟಿನಲ್ಲಿ ಏನು ಮಾಡಿದೆ ಹೇಳಲೇ? ನೆರಳಿನ ಪದರ ತೆಗೆದುಬಿಟ್ಟೆ. ಕವದಿ ಚಂಗನೆ ಗಾಳಿಗೆ ಹಾರಿತು. ನೋಡಿದವರು ಯಾರೂ ಕೊಳ್ಳಬಾರದು, ಅಷ್ಟು ಕೆಟ್ಟದಾಗಿ ಕಾಣುತ್ತಿತ್ತು. ನನಗೆ ಸಮಾಧಾನವಾಯಿತು. ಪಾಳಿ ಮುಗಿಸಿ ಬಂದ ಯಜಮಾನರು ಹೆಲ್ಮೆಟ್ ಇಡುತ್ತ ಪರದೆ ನೋಡಿದರು.

"ಇದ್ಯಾಕ ಹಿಂಗ ಹಾರ್ಲತ್ತದ? ನೆಳ್ಳು ಎಲ್ಲಿ ಹೋಯ್ತು?"

"ಇಲ್ಲ. ಇದಕ್ಕ ನೆಳ್ಳು ಬ್ಯಾಡ್ರಿ."

"ಕುಕ್ಕರಿಗೆ ಬೇಕು, ಕವದಿಗೆ ಬ್ಯಾಡ?"

ಅವರು ಕನ್ನಡಕ ಹಾಕಿಕೊಂಡು ಹತ್ತಿರ ಬಗ್ಗಿದರು. ಕಾರ್ಖಾನೆಯಲ್ಲಿ ಕೂದಲೆಳೆಯ ವ್ಯತ್ಯಾಸ ಹಿಡಿಯುವ ಕಣ್ಣು. ಹಸಿರು ದಾರ ಅವರಿಗೂ ಕಂಡಿತು. ಅತ್ತೆಯ ಸೆರಗನ್ನು ಅವರೂ ಬಲ್ಲರು.

"ಬೇಕಾಗಿದ್ರ ಕೇಳಲ್ಲ. ನಿನ್ನ ಚಿಗವ್ವ ಅಲ್ಲೇನು?" ಎಂದರು, ಮೆತ್ತಗೆ.

"ಹ್ಯಾಂಗ ಕೇಳ್ಲಿ? ಚಿಗವ್ವ ಫೋಟೋಕ್ಕ ಆರಿಸಿದ್ದು ಇದೊಂದೇ ಕವದಿ. ಇದು ಹೋದ್ರ ಆ ಹೆಣ್ಮಕ್ಕಳಿಗೆ ಕೆಲಸ ಸಿಗ್ತದ. ನಾ ಬೇಕು ಅಂದ್ರ ಚಿಗವ್ವ ತಕ್ಷಣ ಕೊಟ್ಟುಬಿಡ್ತಾಳ, ಅವ್ರು ಮತ್ತ ಬುಟ್ಟಿ ಹೊರಬೇಕು. ನನಗ ಹೊತ್ಕೊಳ್ಳಾಕ ಮನಸಾಗ್ತದೇನ್ರೀ?"

"ಹಂಗಾರ ನೆಳ್ಳು ಹಾಕು," ಎಂದು ಅವರು ಕೈಕಾಲು ತೊಳೆಯಲು ಹೋದರು.

ಹಾಕಿದೆ. ಬರೀ ಹಾಕಲಿಲ್ಲ, ಇಷ್ಟು ವರ್ಷ ಕಲಿತದ್ದೆಲ್ಲ ಹಾಕಿದೆ. ಮಡಿಕೆಯ ಕೆಳಗಿನ ಗಟ್ಟಿ ನೆರಳು, ಅಂಚಿನ ಗೊಂಡೆಗಳದ್ದು ಒಂದೊಂದಾಗಿ ಎಳೆ ನೆರಳು, ಜೋಳ ತುಂಬಿದ ಮೂಲೆಯ ಪುಟ್ಟ ಉಬ್ಬಿನದ್ದು, ಕೆಂಪು ಸೆರಗು ಚಾದರಿನ ಮೇಲೆ ಚೆಲ್ಲಿದ ಕಂಡೂ ಕಾಣದ ಕೆಂಪು. ಕೆಳಗಿನ ಹಾಳೆ ಬದಲಿಸಿ ಬದಲಿಸಿ ನೋಡಿದೆ. ಬಿಳಿ ಇರಲಿ, ಬೂದಿ ಇರಲಿ, ಕವದಿ ಈಗಷ್ಟೇ ಯಾರೋ ಮಡಚಿಟ್ಟು ಒಳಗೆ ಹೋದ ಹಾಗೆ ಭಾರವಾಗಿ ಕೂತಿತ್ತು. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾವ ಫೋಟೋವನ್ನೂ ಬಿಡಿಸಿಲ್ಲ. ಚೆನ್ನಾಗಿ ಬಂದಷ್ಟೂ ಬೇಗ ಕೈಬಿಡುತ್ತದೆ ಎಂದು ಗೊತ್ತಿದ್ದೂ ಕೈ ಕೇಳಲಿಲ್ಲ. ಕಳಿಸಿ, ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೆಲ್ಲ ಮತ್ತೆ ತಿಕ್ಕಿದೆ.

ಆಮೇಲಿನ ವಾರವೆಲ್ಲ ನಾನು ನನ್ನ ಮನೆಯವರಿಗೆ ಸರಿಯಾಗಿ ಕಾಟ ಕೊಟ್ಟೆ. ಸಾರಿಗೆ ಉಪ್ಪು ಮರೆತೆ. ಚಾಂದವಡದ ಉಳ್ಳಾಗಡ್ಡಿ ವ್ಯಾಪಾರಿಯ ಫೋಟೋಕ್ಕೆ ನೆರಳು ತಲೆಕೆಳಗಾಗಿ ಹಾಕಿ, ಅವರು ಸೂರ್ಯ ಭೂಮಿಯೊಳಗಿಂದ ಹುಟ್ಟಿದನೇ ವಹಿನಿ ಎಂದು ಕೇಳುವ ಹಾಗೆ ಮಾಡಿದೆ. ಅಷ್ಟರಲ್ಲಿ ಚಿಗವ್ವನ ಫೋನು.

"ಗಿರಿಜೀ! ಆರ್ಡರ್ ಬಂತು! ಪುಣೆದಾಕಿ ಒಬ್ಬಾಕಿ. ನಿನ್ನ ಫೋಟೋ ನೋಡಿ ಅತ್ತುಬಿಟ್ಲಂತ! ಇಲ್ಲಿ ನಮ್ಮ ಬಾಯಾರೆಲ್ಲ ಕುಣೀಲತ್ತಾರ. ಐತಾರ ಬಂದುಬಿಡು. ನೀ ಇಲ್ಲದ ನಾ ಇದಕ್ಕ ಕೈ ಹಚ್ಚಂಗಿಲ್ಲ."

"ಛಲೋ ಆಯ್ತು ಚಿಗವ್ವ," ಎಂದೆ. ಕಟ್ಟಿ ಕಳಿಸುವ ಶಾಸ್ತ್ರಕ್ಕೂ ನಾನೇ ಬೇಕಂತೆ ಎಂದುಕೊಂಡೆ.

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ನಿಫಾಡಿನ ದ್ರಾಕ್ಷಿ ತೋಟಗಳು ಹಿಂದೆ ಸರಿದವು, ಯೇವಲಾ ಬಂತು, ವೈಜಾಪುರ ಬಂತು. ನಾನು ದಾರಿಯುದ್ದಕ್ಕೂ ಮಾತು ಹೊಂದಿಸುತ್ತಿದ್ದೆ. ಚಿಗವ್ವಾ, ಅದರ ಬದಲು ಬೇರೆ ಹೊಲಿದು ಕೊಡೋಣ. ಬೇಡ, ಅದು ಸರಿಯಲ್ಲ. ಚಿಗವ್ವಾ, ಆ ಹಸಿರು ದಾರದ ತುಂಡೊಂದು ಬಿಚ್ಚಿಕೊಡು. ಛೇ, ಹೊಲಿದ ಕವದಿ ಬಿಚ್ಚುವುದುಂಟೇ? ಪಕ್ಕದಲ್ಲಿ ಕೂತಿದ್ದ ಮರಾಠಿ ಆಜಿ, "ಕಾಯ್ ಗ, ಕೋಣಾಶೀ ಬೋಲತೇಸ್?" ಎಂದಾಗಲೇ ನಾನು ಬಾಯಿಬಿಟ್ಟು ಮಾತಾಡುತ್ತಿದ್ದೆನೆಂದು ತಿಳಿದದ್ದು. ಯಾರ ಜೊತೆ ಮಾತಾಡುತ್ತಿದ್ದೆ ಎಂದು ಹೇಳುವುದು? ಫೋನು ಕಿವಿಗಿಟ್ಟುಕೊಂಡು ಹಲೋ ಹಲೋ ಎಂದೆ. ಫೋನು ತಲೆಕೆಳಗಾಗಿತ್ತು. ಆಜಿ ದೊಡ್ಡ ಮನಸ್ಸಿನವಳು, ಕಿಟಕಿಯ ಕಡೆ ಮುಖ ತಿರುಗಿಸಿದಳು.

ಚಿಗವ್ವನ ಮಾಳಿಗೆ ಹತ್ತುವಾಗಲೇ ನಗೆ ಕೇಳಿಸುತ್ತಿತ್ತು. ಹೆಣ್ಣುಮಕ್ಕಳು ಗೋಡೆಗೆ ಒರಗಿ ಕಾಲು ಚಾಚಿ ಸೂಜಿಗೆ ದಾರ ಪೋಣಿಸುತ್ತಿದ್ದರು. "ಬಂದ್ರು ನೋಡ್ರಿ ನೆಳ್ಳಿನ ಬಾಯಾರು!" ಎಂದು ಚಿಗವ್ವ ನನ್ನ ಗಲ್ಲ ಹಿಂಡಿದಳು. ನಡುವೆ ಒಂದು ದೊಡ್ಡ ಗಂಟು, ಅದರ ಪಕ್ಕದಲ್ಲಿ ಖಾಲಿ ರಟ್ಟಿನ ಡಬ್ಬಿ. ಹೊರಸಿನ ಮೇಲೆ ಕವದಿ. ಫೋಟೋದಲ್ಲಿ ನಾನು ಕಂಡಿದ್ದಕ್ಕಿಂತ ಸಣ್ಣದಿತ್ತು, ಬಣ್ಣ ಮಾಸಿತ್ತು, ಇನ್ನೂ ಚೆಂದವಿತ್ತು. ಖಾಲಿ ಡಬ್ಬಿ ನೋಡಿದ ಕೂಡಲೇ ನಾನು ಬಸ್ಸಿನಲ್ಲಿ ಹೊಂದಿಸಿದ ಮಾತೆಲ್ಲ ಹಾರಿಹೋಯಿತು. ನೀರು ಕೂಡ ಕುಡಿಯದೆ ಹೋಗಿ ಕವದಿಯ ಮೇಲೆ ಕೈಯೂರಿ ನಿಂತೆ.

"ಚಿಗವ್ವಾ, ಇದನ್ನ ಕಳಸಬ್ಯಾಡ. ನನಗ ಬೇಕು. ಇದು ಅವ್ವಂದು."

ಚಿಗವ್ವ ನನ್ನ ಮುಖ ನೋಡಿದಳು, ಡಬ್ಬಿ ನೋಡಿದಳು.

"ಎಲ್ಲಿಗಿ ಕಳಸ್ಲಿ ಇದನ್ನ?"

"ಪುಣೆಕ್ಕ. ಆರ್ಡರ್ ಬಂದದಂದ್ಯಲ್ಲ."

"ಏ ಹುಚ್ಚಿ," ಎಂದಳು ಚಿಗವ್ವ. "ಮಂದಿ ಅವ್ವನ ಸೀರಿ ಯಾರರ ಹೊತ್ಕೊಂಡು ಮಲಗ್ತಾರೇನು? ಇದು ತೋರಸಾಕ. ಆಕೀ ಇದನ್ನ ನೋಡಿ ತನ್ನ ಅವ್ವನ ಸೀರಿ ಕಳಸ್ಯಾಳ. ಇಕಾ, ಈ ಗಂಟು ಆಕೀದು. ಹಿಂಗೇ ಹೊಲದು ಕೊಡ್ರಿ ಅಂದಾಳ. ಇನ್ನೊಬ್ಬಾಕಿ ಮುಂದಿನ ವಾರ ಕಳಸ್ತಾಳಂತ. ನೀ ಏನ್ ತಿಳ್ಕೊಂಡಿ? ನಾ ನಮ್ಮಕ್ಕನ್ನ ಮಾರ್ತೀನಿ ಅಂತ?"

ಮಾಳಿಗೆಯ ಮೇಲಿದ್ದವರೆಲ್ಲ ಬಿದ್ದುಬಿದ್ದು ನಕ್ಕರು. ಒಬ್ಬಳು ಸೂಜಿ ಚುಚ್ಚಿಕೊಂಡು ಅಯ್ಯಯ್ಯೋ ಎನ್ನುತ್ತಲೇ ನಕ್ಕಳು. ನನಗೆ ನಾಚಿಕೆಯೂ ಆಯಿತು, ಕುಣಿಯಬೇಕೆಂದೂ ಅನ್ನಿಸಿತು. ದಿನಬೆಳಗಾದರೆ ಮಾರುವ ಸಾಮಾನಿನ ಮುಖವನ್ನೇ ನೋಡುವವಳಿಗೆ, ತೋರಿಸಲಿಕ್ಕೆ ಮಾತ್ರ ಇರುವ ವಸ್ತುವೊಂದು ಇದ್ದೀತೆಂದು ಹೊಳೆದೇ ಇರಲಿಲ್ಲ ನೋಡಿ. ಪುಣೆಯ ಗಂಟು ಬಿಚ್ಚಿದರು. ಯಾವುದೋ ಕಾಣದ ತಾಯಿಯ ನೂಲಿನ ಸೀರೆಗಳು, ಒಂದರ ತುದಿಯಲ್ಲಿ ಇನ್ನೂ ಸೇಫ್ಟಿ ಪಿನ್ನು ಹಾಗೇ ಇತ್ತು. ಹೆಣ್ಣುಮಕ್ಕಳು ನಗೆ ನಿಲ್ಲಿಸಿ, ಆ ಸೀರೆಗಳಿಗೆ ಮೊದಲು ಕೈಮುಗಿದು, ಆಮೇಲೆ ಹಾಸತೊಡಗಿದರು.

ಊಟದ ಹೊತ್ತಿಗೆ ನನಗೆ ಧೈರ್ಯ ಬಂದಿತ್ತು. ಎಲ್ಲರೂ ಅವರವರ ಮನೆಗೆ ಹೋದ ಮೇಲೆ ಕೇಳಿದೆ.

"ಹಂಗಾರ ಅದನ್ನ ನನಗ ಕೊಡು ಚಿಗವ್ವ."

"ಕೊಡಂಗಿಲ್ಲ."

"ಯಾಕ?"

"ಯಾಕಂದ್ರ? ನಿನಗೊಬ್ಬಾಕಿಗೇ ಅವ್ವ ಏನು? ನನಗ ಅಕ್ಕ ಇದ್ಲು. ನಿನಗಿಂತ ಮೊದಲ ಆ ಸೆರಗು ಹಿಡ್ಕೊಂಡು ಅಡ್ಡಾಡಿದಾಕಿ ನಾ. ನಿನಗ ರೇಷ್ಮಿ ಬಂದದಲ್ಲ, ಅದನ್ನ ಹೊತ್ಕೋ ಹೋಗು."

ಅವಳು ಹೇಳಿದ್ದು ನ್ಯಾಯವೇ. ನಾನು ಮುಖ ಊದಿಸಿಕೊಂಡು ತಾಟು ತೊಳೆದಿಟ್ಟೆ. ಚಿಗವ್ವ ಒಳಗಿನ ಕೋಣೆಯಲ್ಲಿ ಚಾಪೆ ಹಾಸಿ, "ಬಸ್ಸಿಗೆ ಇನ್ನಾ ಹೊತ್ತದ, ಅಡ್ಡಾಗು," ಎಂದಳು. ಮಲಗಿದೆ. ಹೊರಗೆ ರಣಬಿಸಿಲು, ಫ್ಯಾನು ಬಿಸಿಗಾಳಿಯನ್ನೇ ತಿರುಗಿಸುತ್ತಿತ್ತು. ಕಣ್ಣು ಮುಚ್ಚಿದ ಸ್ವಲ್ಪ ಹೊತ್ತಿಗೆ ಮೈಮೇಲೆ ಭಾರವಾದದ್ದೇನೋ ಬಂದು ಬಿತ್ತು. ಚಿಗವ್ವ ಮಾಳಿಗೆಯಿಂದ ಕವದಿ ತಂದು ನನಗೆ ಹೊಚ್ಚುತ್ತಿದ್ದಳು.

"ಶೆಕಿ ಅದ ಚಿಗವ್ವ."

"ಇರ್ಲಿ, ಹೊತ್ಕೋ. ನೀ ಬಂದಾಗೆಲ್ಲ ಹೊಚ್ಚತೀನಿ. ಕೊಡೂ ಮಾತು ಮಾತ್ರ ತಗೀಬ್ಯಾಡ."

ಅವಳು ಕವದಿಯ ತುದಿಯನ್ನು ನನ್ನ ಪಾದಗಳ ಕೆಳಗೆ ಮಡಚಿ ಸಿಗಿಸಿದಳು, ಮೊದಲು ಎಡಗಾಲು, ಆಮೇಲೆ ಬಲಗಾಲು. ಅವ್ವ ಹೋದ ಮೇಲೆ ನನ್ನ ಕಾಲು ಮುಚ್ಚಿದವರು ಯಾರೂ ಇರಲಿಲ್ಲ. ಎಲ್ಲರ ಕಾಲು ಮುಚ್ಚುವವಳು ನಾನೇ ಆಗಿದ್ದೆ. ಬಿಸಿಲಿನಲ್ಲಿ ಕಾದ ಆ ಸೆರಗು ಗಲ್ಲಕ್ಕೆ ತಾಗಿತು, ನನಗೆ ತಡೆಯಲಾಗಲಿಲ್ಲ, ಮಗುವಿನ ಹಾಗೆ ಅತ್ತುಬಿಟ್ಟೆ.

"ಅಳಬ್ಯಾಡ, ಕವದಿ ತೊಯ್ತದ. ನಿನ್ನೇ ಒಗದು ಒಣಗ್ಸೀನಿ," ಎಂದು ಚಿಗವ್ವ ಗದರಿದಳು. ಆಮೇಲೆ, "ಸರಿ ಆ ಕಡಿ, ನನಗೂ ಇಷ್ಟ ಜಾಗಾ ಬಿಡು," ಎಂದು ಕವದಿ ಎತ್ತಿ ಒಳಗೆ ಬಂದು, ನನಗೆ ಬೆನ್ನು ತಿರುಗಿಸಿ ಮಲಗಿದಳು. ಇಬ್ಬರಿಗೂ ನಿದ್ದೆ ಹತ್ತಿತು. ಸಂಜೆ ಎದ್ದು ಮಡಚುವಾಗ ನೋಡಿದೆ, ಹೆಚ್ಚು ತೊಯ್ದದ್ದು ಅವಳ ಬದಿಗೆ.